ಆದಾಯ ತೆರಿಗೆ: ಯಾವಾಗ, ಎಲ್ಲಿ, ಹೇಗೆ ಕಟ್ಟಬೇಕು?

ಭಾರತದಲ್ಲಿ ಆದಾಯ ತೆರಿಗೆಯ ಹಣ ಸರ್ಕಾರದ ಖಜಾನೆಗೆ ನಾಲ್ಕು ದಾರಿಗಳಲ್ಲಿ ಸೇರುತ್ತದೆ. ಸಂಬಳ, ಬಡ್ಡಿ, ಶುಲ್ಕ ಕೊಡುವವರೇ ಒಂದು ಪಾಲನ್ನು ಮುರಿದುಕೊಂಡು ಕಟ್ಟುವುದು ಮೊದಲನೆಯದು. ಇದೇ ಟಿಡಿಎಸ್. ವರ್ಷ ನಡೆಯುತ್ತಿರುವಾಗಲೇ ಆದಾಯ ಪಡೆಯುವವರು ಕಂತುಗಳಲ್ಲಿ ಕಟ್ಟುವ ಮುಂಗಡ ತೆರಿಗೆ ಎರಡನೆಯದು. ವರ್ಷ ಮುಗಿದ ಮೇಲೆ, ರಿಟರ್ನ್ ಸಲ್ಲಿಸುವ ಮೊದಲು ಉಳಿಕೆಯನ್ನು ಚುಕ್ತಾ ಮಾಡುವ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ ಮೂರನೆಯದು. ಇಲಾಖೆ ಲೆಕ್ಕ ನೋಡಿ, ಇನ್ನೂ ಇಷ್ಟು ಬಾಕಿ ಇದೆ ಎಂದು ನೋಟಿಸ್ ಕಳಿಸಿದಾಗ ಕಟ್ಟುವುದು ನಾಲ್ಕನೆಯದು.

ಹಣ ಕಳಿಸುವ ಕೆಲಸ ಈಗ ಕಷ್ಟದ್ದಲ್ಲ. ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್, ಬ್ಯಾಂಕ್ ಕೌಂಟರ್ ಎಲ್ಲವೂ ಇವೆ. ತೊಡಕು ಬರುವುದು ಬೇರೆ ಕಡೆ. ಕಂತಿನ ದಿನ ತಪ್ಪುತ್ತದೆ, ಚಲನ್‌ನಲ್ಲಿ ವರ್ಷ ಹಿಂದುಮುಂದಾಗುತ್ತದೆ, ಒಂದು ಬಗೆಯ ತೆರಿಗೆ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಖಾತೆಯಿಂದ ಹಣ ಹೋದ ಮಾತ್ರಕ್ಕೆ ತೆರಿಗೆ ಕಟ್ಟಿದಂತಾಗುವುದಿಲ್ಲ. ಸರಿಯಾದ ಪ್ಯಾನ್, ಸರಿಯಾದ ವರ್ಷ, ಸರಿಯಾದ ಶೀರ್ಷಿಕೆ ಈ ಮೂರರಡಿ ಗಡುವಿನೊಳಗೆ ಜಮಾ ಆದಾಗಲೇ ಲೆಕ್ಕ ಮುಗಿಯುತ್ತದೆ.

ಮೊದಲು ವರ್ಷ ಖಚಿತವಾಗಲಿ

1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆ ದಿನಕ್ಕಿಂತ ಹಿಂದಿನ ಅವಧಿಯ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ. ಆದ್ದರಿಂದ ಕೆಲವು ವರ್ಷ ಎರಡೂ ಕಾಯ್ದೆಗಳ ಪಾವತಿಗಳು ಜೊತೆಜೊತೆಗೆ ನಡೆಯುತ್ತವೆ.

ಹಳೆಯ ಕಾಯ್ದೆಯಲ್ಲಿ ಆದಾಯ ಗಳಿಸಿದ ವರ್ಷ ಒಂದು, ಅದರ ತೆರಿಗೆ ನಿರ್ಧಾರವಾಗುವ ಅಸೆಸ್‌ಮೆಂಟ್ ವರ್ಷ ಇನ್ನೊಂದು. 2025-26ರಲ್ಲಿ ಗಳಿಸಿದ ಆದಾಯದ ಅಸೆಸ್‌ಮೆಂಟ್ ವರ್ಷ 2026-27. ಹೊಸ ಕಾಯ್ದೆ ಈ ಜೋಡಿಯನ್ನು ಕೈಬಿಟ್ಟು 'ತೆರಿಗೆ ವರ್ಷ' ಎಂಬ ಒಂದೇ ಹೆಸರನ್ನು ತಂದಿದೆ. 2026ರ ಏಪ್ರಿಲ್‌ನಿಂದ 2027ರ ಮಾರ್ಚ್‌ವರೆಗೆ ಗಳಿಸುವ ಆದಾಯದ ತೆರಿಗೆ ವರ್ಷವೂ 2026-27. ಹೀಗೆ ಒಂದೇ ಅಂಕಿ ಎರಡು ಬೇರೆ ಬೇರೆ ವರ್ಷಗಳ ಆದಾಯಕ್ಕೆ ತಗುಲಿಕೊಂಡಿದೆ. 2026ರ ಜುಲೈನಲ್ಲಿ ಹಿಂದಿನ ವರ್ಷದ ಉಳಿಕೆ ಕಟ್ಟುವವರು ಹಳೆಯ ಕಾಯ್ದೆಯ ಅಸೆಸ್‌ಮೆಂಟ್ ವರ್ಷ 2026-27ಕ್ಕೆ ಕಟ್ಟಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಗಡ ಕಂತು ಕಟ್ಟುವವರು ಹೊಸ ಕಾಯ್ದೆಯ ತೆರಿಗೆ ವರ್ಷ 2026-27ಕ್ಕೆ ಕಟ್ಟಬೇಕು. ಅಂಕಿಯೊಂದನ್ನೇ ನೋಡಿ ಆರಿಸಿದರೆ ಹಣ ತಪ್ಪು ವರ್ಷಕ್ಕೆ ಸೇರುವ ಸಂಭವವಿದೆ. ಕಾಯ್ದೆ, ವರ್ಷ ಎರಡನ್ನೂ ಓದಿಯೇ ಮುಂದುವರಿಯಬೇಕು.

ಹೊಸ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆಗಳೂ ಬದಲಾಗಿವೆ. ಈ ಲೇಖನದಲ್ಲಿ ಬರುವ ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳು ಜನರಿಗೆ ರೂಢಿಯಾಗಿರುವ 1961ರ ಕಾಯ್ದೆಯ ಕಾಲದವು.

ಕೈಗೆ ಬರುವ ಮೊದಲೇ ಮುರಿಯುವ ತೆರಿಗೆ

ಸಂಬಳದಾರರ ತೆರಿಗೆಯ ಬಹುಪಾಲು ಟಿಡಿಎಸ್ ಮೂಲಕವೇ ಹೋಗುತ್ತದೆ. ನೌಕರರ ಇಡೀ ವರ್ಷದ ಸಂಬಳವನ್ನು ಅಂದಾಜು ಮಾಡಿ, ತೆರಿಗೆ ಲೆಕ್ಕ ಹಾಕಿ, ಅದನ್ನು ತಿಂಗಳುಗಳಿಗೆ ಹಂಚಿ ಮುರಿದುಕೊಳ್ಳುವುದು ಉದ್ಯೋಗದಾತರ ಹೊಣೆ. ಒಂದು ತಿಂಗಳು ಮುರಿದ ಹಣವನ್ನು ಅವರು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸರ್ಕಾರಕ್ಕೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಅವಕಾಶವಿದೆ.

ಬ್ಯಾಂಕಿನ ಎಫ್‌ಡಿ ಬಡ್ಡಿ ವರ್ಷಕ್ಕೆ ₹50,000 ದಾಟಿದರೆ ಬ್ಯಾಂಕು ಶೇ 10ರಷ್ಟು ಮುರಿದುಕೊಳ್ಳುತ್ತದೆ. 60 ವರ್ಷ ತುಂಬಿದವರಿಗೆ ಈ ಮಿತಿ ₹1 ಲಕ್ಷ. ಖಾತೆಗೆ ಪ್ಯಾನ್ ಕೊಟ್ಟಿಲ್ಲದಿದ್ದರೆ ಶೇ 20ರಷ್ಟು ಮುರಿಯುತ್ತಾರೆ. ತೆರಿಗೆ ಬರುವಷ್ಟು ಆದಾಯವಿಲ್ಲದವರು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಸ್ವಯಂಘೋಷಣೆ ಕೊಟ್ಟರೆ ಮುರಿತ ತಪ್ಪುತ್ತದೆ. ಇದುವರೆಗೆ ಜನ 15ಜಿ ಮತ್ತು 15ಎಚ್ ಎಂದು ಕರೆಯುತ್ತಿದ್ದ ಫಾರಂಗಳು ಇದಕ್ಕಾಗಿಯೇ ಇದ್ದವು.

ಬ್ಯಾಂಕು ಮುರಿದುಕೊಂಡಿತು, ಇನ್ನೇನೂ ಬಾಕಿಯಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅದು ಸರಿಯಲ್ಲ. ಶೇ 30ರ ದರದ ಹಂತದಲ್ಲಿರುವ ಒಬ್ಬರಿಗೆ ₹2 ಲಕ್ಷ ಎಫ್‌ಡಿ ಬಡ್ಡಿ ಬಂತೆನ್ನಿ. ಬ್ಯಾಂಕು ಮುರಿಯುವುದು ₹20,000. ಆ ಬಡ್ಡಿಗೆ ನಿಜವಾಗಿ ಬೀಳುವ ತೆರಿಗೆ ಶೇ 4ರ ಸೆಸ್ ಸೇರಿ ₹62,400. ಉಳಿದ ₹42,400ನ್ನು ಅವರೇ ಕಟ್ಟಬೇಕು. ಅದನ್ನು ಜುಲೈವರೆಗೆ ಮುಂದೂಡಿದರೆ ಬಡ್ಡಿಯೂ ಬೀಳುತ್ತದೆ.

ಸಂಬಳದಾರರಿಗೆ ಇಲ್ಲೊಂದು ಸುಲಭದ ದಾರಿಯಿದೆ. ಬಡ್ಡಿ, ಬಾಡಿಗೆ ಮುಂತಾದ ಇತರ ಆದಾಯದ ವಿವರವನ್ನು ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಬರೆದುಕೊಟ್ಟರೆ, ಅದರ ತೆರಿಗೆಯನ್ನೂ ಸಂಬಳದಲ್ಲೇ ಮುರಿದುಕೊಳ್ಳುವಂತೆ ಕೇಳಬಹುದು. ಆಗ ಮುಂಗಡ ತೆರಿಗೆಯ ಕಂತುಗಳನ್ನು ನೆನಪಿಟ್ಟುಕೊಳ್ಳುವ ಗೋಜು ಇರುವುದಿಲ್ಲ. ₹10 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರು ಕೊಂಡಾಗ ಮಾರಾಟಗಾರರು ಶೇ 1ರಂತೆ ವಸೂಲು ಮಾಡುವ ಟಿಸಿಎಸ್ ಹಣವೂ ಕೊಂಡವರ ತೆರಿಗೆ ಖಾತೆಗೇ ಜಮಾ ಆಗುತ್ತದೆ. ಅದನ್ನೂ ಸಂಬಳದ ತೆರಿಗೆಯಲ್ಲಿ ವಜಾ ಮಾಡಿಸಿಕೊಳ್ಳಬಹುದು.

ಸೈಟು ಕೊಳ್ಳುವವರು, ಬಾಡಿಗೆಗಿರುವವರು

ಟಿಡಿಎಸ್ ಎಂದರೆ ಕಂಪನಿ, ಬ್ಯಾಂಕುಗಳ ಕೆಲಸ ಎಂದು ಬಿಟ್ಟುಬಿಡುವಂತಿಲ್ಲ. ಕೆಲವು ವ್ಯವಹಾರಗಳಲ್ಲಿ ಸಾಮಾನ್ಯ ನಾಗರಿಕರೇ ಮುರಿದು ಕಟ್ಟಬೇಕು.

ನಿವೇಶನ, ಮನೆ, ಫ್ಲ್ಯಾಟ್‌ನ ಬೆಲೆ ₹50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಹಿಡಿದುಕೊಳ್ಳಬೇಕು. ಮಾರ್ಗಸೂಚಿ ಬೆಲೆ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತದ ಮೇಲೆ ಲೆಕ್ಕ ಹಾಕಬೇಕು. ಗ್ರಾಮೀಣ ಕೃಷಿ ಜಮೀನಿಗೆ ಇದು ಅನ್ವಯಿಸುವುದಿಲ್ಲ. ಮೈಸೂರಿನಲ್ಲಿ ₹60 ಲಕ್ಷದ ಸೈಟು ಕೊಳ್ಳುವವರು ಮಾರುವವರಿಗೆ ಕೊಡಬೇಕಾದದ್ದು ₹59,40,000. ಉಳಿದ ₹60,000 ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಬೇಕು. ಇದಕ್ಕೆ ಬಳಕೆಯಲ್ಲಿದ್ದ ನಮೂನೆ 26ಕ್ಯೂಬಿ. ಅದೇ ವಿವರಪಟ್ಟಿ, ಅದೇ ಚಲನ್. ಪ್ರತ್ಯೇಕ ಟ್ಯಾನ್ ಸಂಖ್ಯೆ ಬೇಡ, ಎರಡೂ ಕಡೆಯವರ ಪ್ಯಾನ್ ಇದ್ದರೆ ಸಾಕು. ಮುರಿದ ತಿಂಗಳು ಮುಗಿದ 30 ದಿನಗಳೊಳಗೆ ಕಟ್ಟಬೇಕು, ಅಂದರೆ ಮೇ 10ರಂದು ಮುರಿದದ್ದಕ್ಕೆ ಗಡುವು ಜೂನ್ 30. ತಡವಾದರೆ ಬಡ್ಡಿಯ ಜೊತೆಗೆ ದಿನಕ್ಕೆ ₹200ರಂತೆ ಶುಲ್ಕ ಬೆಳೆಯುತ್ತದೆ. ನೋಂದಣಿಯ ಗಡಿಬಿಡಿಯಲ್ಲಿ ಇದು ಮರೆತುಹೋಗುವುದೇ ಹೆಚ್ಚು.

ತಿಂಗಳ ಬಾಡಿಗೆ ₹50,000 ದಾಟಿದರೆ ಬಾಡಿಗೆದಾರರು ಶೇ 2ರಷ್ಟು ಮುರಿದು ಕಟ್ಟಬೇಕು. ತಿಂಗಳು ತಿಂಗಳೂ ಮುರಿಯುವ ಅಗತ್ಯವಿಲ್ಲ. ವರ್ಷದ ಕೊನೆಯ ತಿಂಗಳು, ಅಥವಾ ಮನೆ ಖಾಲಿ ಮಾಡುವ ತಿಂಗಳು ಒಮ್ಮೆಗೇ ಮುರಿದರೆ ಸಾಕು. ಮನೆಯ ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ ನಿಯಮವೇ ಬೇರೆ. ಬಾಡಿಗೆ ಎಷ್ಟೇ ಇರಲಿ ಮುರಿಯಬೇಕು, ದರವೂ ಸಾಮಾನ್ಯವಾಗಿ ಸೆಸ್ ಸೇರಿ ಶೇ 31.2. ಬೆಂಗಳೂರಿನಲ್ಲಿ ಮಾಲೀಕರು ಹೊರದೇಶದಲ್ಲಿರುವ ಮನೆಗಳು ಕಡಿಮೆಯೇನಲ್ಲ. ಕರಾರುಪತ್ರಕ್ಕೆ ಸಹಿ ಹಾಕುವ ಮೊದಲೇ ಮಾಲೀಕರು ಎಲ್ಲಿಯ ನಿವಾಸಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮುಂಗಡ ತೆರಿಗೆ: ನಾಲ್ಕು ಕಂತು

ಟಿಡಿಎಸ್ ಕಳೆದ ಮೇಲೂ ವರ್ಷಕ್ಕೆ ₹10,000 ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಅದನ್ನು ವರ್ಷದೊಳಗೇ ಕಟ್ಟಬೇಕು. ವೈದ್ಯರು, ವಕೀಲರು, ವ್ಯಾಪಾರಿಗಳು, ಮನೆ ಬಾಡಿಗೆ ಬರುವವರು, ಷೇರು ಮಾರಿ ಲಾಭ ಪಡೆದವರು ಎಲ್ಲರಿಗೂ ಇದು ಅನ್ವಯಿಸುತ್ತದೆ. ಕಂತುಗಳು ಹೀಗಿವೆ:

ಜೂನ್ 15ರೊಳಗೆ ಒಟ್ಟು ಬಾಕಿಯ ಶೇ 15
ಸೆಪ್ಟೆಂಬರ್ 15ರೊಳಗೆ ಶೇ 45
ಡಿಸೆಂಬರ್ 15ರೊಳಗೆ ಶೇ 75
ಮಾರ್ಚ್ 15ರೊಳಗೆ ಶೇ 100

ಪ್ರತಿ ಕಂತಿನ ಶೇಕಡಾವಾರು ಅಲ್ಲಿಯವರೆಗೆ ಕಟ್ಟಿರಬೇಕಾದ ಒಟ್ಟು ಮೊತ್ತದ್ದು. ಮಾರ್ಚ್ 15ರ ನಂತರ ಮಾರ್ಚ್ 31ರವರೆಗೆ ಕಟ್ಟಿದ್ದೂ ಮುಂಗಡ ತೆರಿಗೆಯೆಂದೇ ಎಣಿಕೆಯಾಗುತ್ತದೆ.

ಮೂರು ಗುಂಪಿನವರಿಗೆ ವಿನಾಯಿತಿ ಅಥವಾ ರಿಯಾಯಿತಿ ಇದೆ. ಭಾರತದ ನಿವಾಸಿಗಳಾಗಿದ್ದು 60 ವರ್ಷ ತುಂಬಿದವರಿಗೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆಯೇ ಇಲ್ಲ. ಪಿಂಚಣಿ ಮತ್ತು ಬಡ್ಡಿಯಲ್ಲಿ ಬದುಕುವ ಹಿರಿಯರು ರಿಟರ್ನ್ ಸಲ್ಲಿಸುವಾಗ ಉಳಿಕೆ ಕಟ್ಟಿದರೆ ಸಾಕು. ಅನಿವಾಸಿ ಹಿರಿಯರಿಗೆ ಈ ವಿನಾಯಿತಿ ಸಿಗುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ, ಅಂದರೆ 44ಎಡಿ ಅಥವಾ 44ಎಡಿಎ ಅಡಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು ಮತ್ತು ವೃತ್ತಿನಿರತರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಷೇರು, ಆಸ್ತಿ ಮಾರಾಟದ ಲಾಭ ವರ್ಷದ ನಡುವೆ ಅನಿರೀಕ್ಷಿತವಾಗಿ ಬಂದರೆ, ಅದರ ತೆರಿಗೆಯನ್ನು ನಂತರ ಬರುವ ಕಂತುಗಳಲ್ಲಿ ಕಟ್ಟಿದರೆ ಹಿಂದಿನ ಕಂತುಗಳಿಗೆ ಬಡ್ಡಿ ಹಾಕುವುದಿಲ್ಲ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದರೂ ಕಾಫಿಯ ಲೆಕ್ಕ ಸ್ವಲ್ಪ ಬೇರೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ತಾವು ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇ 25 ವ್ಯಾಪಾರದ ಆದಾಯ ಎನಿಸುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಆ ಭಾಗಕ್ಕೆ ತೆರಿಗೆ ಬರುವಂತಿದ್ದರೆ ಮುಂಗಡ ಕಂತುಗಳೂ ಬರುತ್ತವೆ.

ಕಂತು ತಪ್ಪಿದರೆ ಎಷ್ಟು ಹೊರೆ ಬೀಳುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಹುಬ್ಬಳ್ಳಿಯಲ್ಲಿ ಸ್ವಂತ ಕಚೇರಿ ನಡೆಸುವ ವಾಸ್ತುಶಿಲ್ಪಿಯೊಬ್ಬರ 2025-26ರ ನಿವ್ವಳ ಆದಾಯ ₹16 ಲಕ್ಷ, ಅವರು ಅಂದಾಜು ಲಾಭದ ಪದ್ಧತಿಯಲ್ಲಿಲ್ಲ ಎಂದಿಟ್ಟುಕೊಳ್ಳಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ ₹4 ಲಕ್ಷಕ್ಕೆ ತೆರಿಗೆಯಿಲ್ಲ. ನಂತರದ ₹4 ಲಕ್ಷಕ್ಕೆ ಶೇ 5ರಂತೆ ₹20,000, ಅದರ ಮೇಲಿನ ₹4 ಲಕ್ಷಕ್ಕೆ ಶೇ 10ರಂತೆ ₹40,000, ಕೊನೆಯ ₹4 ಲಕ್ಷಕ್ಕೆ ಶೇ 15ರಂತೆ ₹60,000. ಒಟ್ಟು ₹1,20,000, ಸೆಸ್ ₹4,800 ಸೇರಿ ₹1,24,800. ಕೆಲಸ ಕೊಟ್ಟ ಸಂಸ್ಥೆಗಳು ಟಿಡಿಎಸ್ ಆಗಿ ₹44,800 ಮುರಿದಿದ್ದರೆ ಉಳಿಕೆ ₹80,000.

ಈ ₹80,000 ಜೂನ್‌ನಲ್ಲಿ ₹12,000, ಸೆಪ್ಟೆಂಬರ್‌ನಲ್ಲಿ ₹24,000, ಡಿಸೆಂಬರ್‌ನಲ್ಲಿ ₹24,000, ಮಾರ್ಚ್‌ನಲ್ಲಿ ₹20,000 ಎಂದು ಹಂಚಿಹೋಗುತ್ತದೆ. ಒಂದು ಕಂತನ್ನೂ ಕಟ್ಟದೆ ಜುಲೈ 31ಕ್ಕೆ ಒಟ್ಟಿಗೆ ಕಟ್ಟಿದರೆ ಎರಡು ಬಗೆಯ ಬಡ್ಡಿ ಬೀಳುತ್ತದೆ. ಕಂತು ತಪ್ಪಿಸಿದ್ದಕ್ಕೆ 234ಸಿ ಪ್ರಕಾರ ಮೊದಲ ಮೂರು ಕಂತುಗಳ ಕೊರತೆಯ ಮೇಲೆ ತಿಂಗಳಿಗೆ ಶೇ 1ರಂತೆ ಮೂರು ಮೂರು ತಿಂಗಳು, ಕೊನೆಯ ಕಂತಿಗೆ ಒಂದು ತಿಂಗಳು: ₹360, ₹1,080, ₹1,800, ₹800, ಒಟ್ಟು ₹4,040. ವರ್ಷದ ಕೊನೆಗೆ ಶೇ 90ರಷ್ಟಾದರೂ ಕಟ್ಟಿರದಿದ್ದಕ್ಕೆ 234ಬಿ ಪ್ರಕಾರ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಿಗೆ ₹3,200. ಎರಡೂ ಸೇರಿ ₹7,240. ತಿಂಗಳಲ್ಲಿ ಒಂದೇ ದಿನ ದಾಟಿದರೂ ಇಡೀ ತಿಂಗಳ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಜುಲೈ ಬದಲು ಏಪ್ರಿಲ್‌ನಲ್ಲೇ ಉಳಿಕೆ ಕಟ್ಟಿದರೂ ಇದೇ ವ್ಯಕ್ತಿಗೆ ₹2,400 ಉಳಿಯುತ್ತದೆ.

ರಿಟರ್ನ್‌ಗೆ ಮೊದಲು ಉಳಿಕೆ ಚುಕ್ತಾ

ವರ್ಷ ಮುಗಿದ ಮೇಲೆ ಎಲ್ಲ ಆದಾಯವನ್ನೂ ಕೂಡಿಸಿ ತೆರಿಗೆ ಲೆಕ್ಕ ಹಾಕಿ, ಟಿಡಿಎಸ್, ಟಿಸಿಎಸ್, ಮುಂಗಡ ಕಂತುಗಳನ್ನು ಕಳೆದು ಉಳಿದದ್ದನ್ನು ಬಡ್ಡಿ ಸಮೇತ ಕಟ್ಟುವುದು ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ. ರಿಟರ್ನ್ ಸಲ್ಲಿಸುವ ಮೊದಲೇ ಇದನ್ನು ಕಟ್ಟಿ, ಚಲನ್ ವಿವರವನ್ನು ರಿಟರ್ನ್‌ನಲ್ಲಿ ತುಂಬಬೇಕು. ಸಂಬಳ, ಪಿಂಚಣಿ, ಬಾಡಿಗೆ ಆದಾಯದವರಿಗೆ ರಿಟರ್ನ್‌ನ ಸಾಮಾನ್ಯ ಗಡುವು ಜುಲೈ 31. ಕೆಲವು ವರ್ಷ ಸರ್ಕಾರ ಇದನ್ನು ಮುಂದೂಡುವುದುಂಟು. ಆದರೆ ಗಡುವು ಮುಂದೂಡಿದರೆ 234ಬಿ ಬಡ್ಡಿ ನಿಲ್ಲುತ್ತದೆಂದು ತಿಳಿಯಬಾರದು. ಅದು ಹಣ ಕಟ್ಟುವವರೆಗೂ ಓಡುತ್ತದೆ.

ಗಡುವು ಮೀರಿ ರಿಟರ್ನ್ ಸಲ್ಲಿಸಿದರೆ ₹5,000 ಶುಲ್ಕ. ಒಟ್ಟು ಆದಾಯ ₹5 ಲಕ್ಷದೊಳಗಿದ್ದರೆ ₹1,000. ಜೊತೆಗೆ ಬಾಕಿ ತೆರಿಗೆಯ ಮೇಲೆ 234ಎ ಪ್ರಕಾರ ತಿಂಗಳಿಗೆ ಶೇ 1ರ ಬಡ್ಡಿ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದ ಆದಾಯವನ್ನು ತಾವಾಗಿಯೇ ಹೇಳಿಕೊಳ್ಳಲು 'ಅಪ್‌ಡೇಟೆಡ್ ರಿಟರ್ನ್' ಸೌಲಭ್ಯವಿದೆ. ಅಸೆಸ್‌ಮೆಂಟ್ ವರ್ಷ ಮುಗಿದ ನಾಲ್ಕು ವರ್ಷಗಳವರೆಗೆ ಇದಕ್ಕೆ ಅವಕಾಶ ಉಂಟು. ತೆರಿಗೆ ಮತ್ತು ಬಡ್ಡಿಯ ಮೇಲೆ, ತಡವಾದಷ್ಟೂ ಹೆಚ್ಚುವಂತೆ, ಶೇ 25, 50, 60 ಅಥವಾ 70ರಷ್ಟು ಹೆಚ್ಚುವರಿ ತೆರಿಗೆ ಕೊಡಬೇಕಾಗುತ್ತದೆ.

ಪೋರ್ಟಲ್‌ನಲ್ಲಿ ಚಲನ್ ಸಿದ್ಧಪಡಿಸುವ ಕ್ರಮ

ಯಾವ ವಿಧಾನದಲ್ಲಿ ಕಟ್ಟಿದರೂ ಆರಂಭ ಒಂದೇ ಕಡೆ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್ ತೆರೆದು 'ಇ-ಪೇ ಟ್ಯಾಕ್ಸ್' ವಿಭಾಗಕ್ಕೆ ಹೋಗಿ ಮೊದಲು ಚಲನ್ ಸಿದ್ಧಪಡಿಸಬೇಕು. ಬ್ಯಾಂಕ್ ಕೌಂಟರಿನಲ್ಲಿ ನಗದು ಕಟ್ಟುವವರಿಗೂ ಇದು ತಪ್ಪದು.

ಲಾಗಿನ್ ಇಲ್ಲದೆಯೂ ಕಟ್ಟಬಹುದು. ಮುಖಪುಟದ 'ಇ-ಪೇ ಟ್ಯಾಕ್ಸ್' ಕೊಂಡಿ ಒತ್ತಿ, ಪ್ಯಾನ್ ಅನ್ನು ಎರಡು ಸಲ ತುಂಬಿ, ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ಹಾಕಿದರೆ ಸಾಕು. ವಯಸ್ಸಾದ ತಂದೆತಾಯಿಯ ತೆರಿಗೆಯನ್ನು ಮಕ್ಕಳು ಕಟ್ಟುವಾಗ ಇದು ಅನುಕೂಲ. ಮುಂದಿನ ಪುಟದಲ್ಲಿ ಪ್ಯಾನ್ ಜೊತೆಗೆ ಹೆಸರಿನ ಕೆಲವು ಅಕ್ಷರಗಳು ಮಾತ್ರ ಕಾಣುತ್ತವೆ. ಅವು ತಾಳೆಯಾಗುತ್ತವೆಯೇ ನೋಡಬೇಕು. ಲಾಗಿನ್ ಆಗಿ ಹೋಗುವವರಿಗೆ ಹಳೆಯ ಪಾವತಿಗಳ ಪಟ್ಟಿಯೂ ಒಂದೇ ಕಡೆ ಸಿಗುತ್ತದೆ.

ನಂತರ ಆದಾಯ ತೆರಿಗೆಯ ಚೌಕ ಆರಿಸಿ, ವರ್ಷ ಮತ್ತು ಪಾವತಿಯ ಬಗೆ ಸೂಚಿಸಬೇಕು. ಪಾವತಿಯ ಬಗೆಗೆ ಮೂರಂಕಿಯ ಶೀರ್ಷಿಕೆಗಳಿವೆ: ಮುಂಗಡ ತೆರಿಗೆ 100, ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ 300, ಇಲಾಖೆಯ ಬೇಡಿಕೆಯ ಪಾವತಿ 400. ಮಾರ್ಚ್ 31 ದಾಟಿದ ಮೇಲೆ ಹಿಂದಿನ ವರ್ಷಕ್ಕೆಂದು ಕಟ್ಟುವ ಹಣ 100 ಆಗಲಾರದು, ಅದು 300. ಕಂಪನಿಗಳ ತೆರಿಗೆಗೆ 0020, ಉಳಿದವರ ತೆರಿಗೆಗೆ 0021 ಎಂಬ ದೊಡ್ಡ ಶೀರ್ಷಿಕೆಗಳೂ ಚಲನ್‌ನಲ್ಲಿ ಇರುತ್ತವೆ.

ಮುಂದಿನ ಪುಟದಲ್ಲಿ ತೆರಿಗೆ, ಸರ್ಚಾರ್ಜ್, ಸೆಸ್, ಬಡ್ಡಿ, ದಂಡ, ಇತರೆ ಎಂದು ಬೇರೆ ಬೇರೆ ಕಾಲಂಗಳಲ್ಲಿ ಮೊತ್ತ ತುಂಬಬೇಕು. ಪಾವತಿಯ ವಿಧಾನ ಆರಿಸಿ ಮುಂದುವರಿದರೆ ಚಲನ್‌ಗೆ ಸಿಆರ್‌ಎನ್ ಎಂಬ ಸಂಖ್ಯೆ ಸಿಗುತ್ತದೆ. ಇದು ಸಾಮಾನ್ಯವಾಗಿ 15 ದಿನ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಹಣ ಕಟ್ಟದಿದ್ದರೆ ಹೊಸ ಚಲನ್ ಮಾಡಬೇಕು.

ಹಣ ಕಟ್ಟುವ ಐದು ವಿಧಾನ

ನೆಟ್ ಬ್ಯಾಂಕಿಂಗ್: ಇಲಾಖೆಯಿಂದ ಅಧಿಕಾರ ಪಡೆದ ಬ್ಯಾಂಕಿನಲ್ಲಿ ಖಾತೆ ಇದ್ದವರಿಗೆ ಇದೇ ಸರಳ. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್, ಯೂನಿಯನ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಮುಂತಾದ ದೊಡ್ಡ ಬ್ಯಾಂಕುಗಳ ಜೊತೆಗೆ ಮಂಗಳೂರಿನ ಕರ್ನಾಟಕ ಬ್ಯಾಂಕ್ ಕೂಡ ಪಟ್ಟಿಯಲ್ಲಿದೆ. ಹೆಚ್ಚುವರಿ ಶುಲ್ಕವಿಲ್ಲ, ರಸೀದಿಯೂ ಕೂಡಲೇ ಸಿಗುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಊರಿನ ಬಾಡಿಗೆ, ಬಡ್ಡಿಯ ತೆರಿಗೆಯನ್ನು ತಮ್ಮ ಎನ್‌ಆರ್‌ಒ ಖಾತೆಯಿಂದ ಹೀಗೆಯೇ ಕಟ್ಟಬಹುದು.

ಡೆಬಿಟ್ ಕಾರ್ಡ್: ಕೆಲವೇ ಬ್ಯಾಂಕುಗಳ ಕಾರ್ಡ್‌ಗಳಿಗೆ ಈ ಸೌಲಭ್ಯವಿದೆ. ನೆಟ್ ಬ್ಯಾಂಕಿಂಗ್ ಇಟ್ಟುಕೊಳ್ಳದ, ಆದರೆ ಕಾರ್ಡ್ ಬಳಸುವ ಖಾತೆದಾರರಿಗೆ ಇದು ಉಪಯುಕ್ತ.

ಪೇಮೆಂಟ್ ಗೇಟ್‌ವೇ: ಪಟ್ಟಿಯಲ್ಲಿ ಇಲ್ಲದ ಬ್ಯಾಂಕಿನ ನೆಟ್ ಬ್ಯಾಂಕಿಂಗ್, ಇತರ ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ಯುಪಿಐ ಎಲ್ಲವೂ ಈ ದಾರಿಯಲ್ಲಿ ಬರುತ್ತವೆ. ತೆರಿಗೆ ಪಾವತಿಗೆ ಯುಪಿಐ ಮಿತಿಯನ್ನು 2024ರ ಸೆಪ್ಟೆಂಬರ್‌ನಿಂದ ಒಂದು ವಹಿವಾಟಿಗೆ ₹5 ಲಕ್ಷಕ್ಕೆ ಏರಿಸಲಾಗಿದೆ. ತಮ್ಮ ಬ್ಯಾಂಕು ಅಥವಾ ಆ್ಯಪ್ ಅದಕ್ಕಿಂತ ಕಡಿಮೆ ಮಿತಿ ಇಟ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಕ್ರೆಡಿಟ್ ಕಾರ್ಡ್‌ಗೆ ಗೇಟ್‌ವೇ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಹಣ ಕಟ್ಟುವ ಮೊದಲು ಗೇಟ್‌ವೇಗಳ ಶುಲ್ಕವನ್ನು ಪುಟದಲ್ಲೇ ತೋರಿಸುತ್ತಾರೆ. ಕಾರ್ಡಿನ ಪಾಯಿಂಟ್‌ಗಳ ಆಸೆಗೆ ದೊಡ್ಡ ಮೊತ್ತ ಕಟ್ಟುವವರು ಆ ಶುಲ್ಕವನ್ನು ಒಮ್ಮೆ ಹೋಲಿಸಿ ನೋಡಿದರೆ ಲಾಭ ನಷ್ಟ ತಿಳಿಯುತ್ತದೆ.

ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್: ಸಹಕಾರಿ ಬ್ಯಾಂಕು ಸೇರಿದಂತೆ ಈ ಸೇವೆ ಇರುವ ಯಾವ ಬ್ಯಾಂಕಿನಿಂದಲೂ ಹೀಗೆ ಕಟ್ಟಬಹುದು. ಪೋರ್ಟಲ್ ಒಂದು ಮ್ಯಾಂಡೇಟ್ ಫಾರಂ ಕೊಡುತ್ತದೆ. ಅದರಲ್ಲಿ ಹಣ ಸೇರಬೇಕಾದ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ ಮೂರೂ ಅಚ್ಚಾಗಿರುತ್ತವೆ. ಶಾಖೆಗೆ ಒಯ್ದು ಕೊಡಬಹುದು, ಅಥವಾ ಅದೇ ವಿವರ ತುಂಬಿ ಆನ್‌ಲೈನ್‌ನಲ್ಲಿ ಕಳಿಸಬಹುದು. ಮೊತ್ತದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಣ ವಾಪಸ್ ಬರುತ್ತದೆ. ಆರ್‌ಟಿಜಿಎಸ್ ₹2 ಲಕ್ಷ ಮತ್ತು ಮೇಲ್ಪಟ್ಟ ಮೊತ್ತಕ್ಕೆ. ಎನ್‌ಇಎಫ್‌ಟಿಗೆ ಕನಿಷ್ಠ ಮಿತಿಯಿಲ್ಲ.

ಬ್ಯಾಂಕ್ ಕೌಂಟರ್: ಚಲನ್ ಮಾಡುವಾಗಲೇ ಬ್ಯಾಂಕಿನ ಹೆಸರು ಆರಿಸಿ, ಮುದ್ರಿಸಿಕೊಂಡು, ಆ ಬ್ಯಾಂಕಿನ ಶಾಖೆಯಲ್ಲಿ ನಗದು, ಚೆಕ್ ಅಥವಾ ಡಿಡಿ ಮೂಲಕ ಕಟ್ಟುವ ವಿಧಾನ ಇದು. ನಗದಿಗೆ ಒಂದು ಚಲನ್‌ಗೆ ₹10,000 ಮಿತಿ. ಕಂಪನಿಗಳು ಮತ್ತು ಲೆಕ್ಕಪತ್ರ ಆಡಿಟ್ ಮಾಡಿಸಲೇಬೇಕಾದವರು ಕೌಂಟರಿನಲ್ಲಿ ಕಟ್ಟುವಂತಿಲ್ಲ. ಅವರಿಗೆ ಎಲೆಕ್ಟ್ರಾನಿಕ್ ಪಾವತಿ ಕಡ್ಡಾಯ.

ಗಡುವಿನ ಕೊನೆಯ ಗಂಟೆಗಳಲ್ಲಿ ಪೋರ್ಟಲ್ ನಿಧಾನವಾಗುವುದು, ಬ್ಯಾಂಕಿನ ಸರ್ವರ್ ಕೈಕೊಡುವುದು ಹೊಸದಲ್ಲ. ಕೌಂಟರ್ ಅಥವಾ ಎನ್‌ಇಎಫ್‌ಟಿ ಆರಿಸಿದವರು ಎರಡು ಮೂರು ದಿನ ಮೊದಲೇ ಕೆಲಸ ಮುಗಿಸುವುದು ಕ್ಷೇಮ.

ರಸೀದಿಯೂ ತಾಳೆಯೂ

ಹಣ ಜಮಾ ಆದ ಮೇಲೆ ಸಿಗುವ ಚಲನ್ ರಸೀದಿಯಲ್ಲಿ ಮೂರು ವಿವರ ಮುಖ್ಯ: ಬ್ಯಾಂಕಿನ ಏಳಂಕಿಯ ಬಿಎಸ್‌ಆರ್ ಕೋಡ್, ಕಟ್ಟಿದ ದಿನಾಂಕ, ಐದಂಕಿಯ ಚಲನ್ ಕ್ರಮಸಂಖ್ಯೆ. ರಿಟರ್ನ್‌ನಲ್ಲಿ ಈ ಮೂರನ್ನೂ ತುಂಬಬೇಕು. ಸಿಆರ್‌ಎನ್ ಇದ್ದರೆ ಹಣ ಕಟ್ಟಿದಂತಾಗಲಿಲ್ಲ, ಅದು ಚಲನ್ ಸಿದ್ಧವಾಗಿದೆ ಎಂಬುದಕ್ಕೆ ಮಾತ್ರ ಗುರುತು.

ಕೆಲವು ದಿನಗಳಲ್ಲಿ ಪಾವತಿಯು 26ಎಎಸ್ ಎಂದು ಕರೆಯುವ ತೆರಿಗೆ ಲೆಕ್ಕಪಟ್ಟಿಯಲ್ಲಿ ಕಾಣಬೇಕು. ಟಿಡಿಎಸ್ ಕೂಡ ಅಲ್ಲೇ ಕಾಣುತ್ತದೆ. ಉದ್ಯೋಗದಾತರು ಸಂಬಳದಿಂದ ಮುರಿದಿದ್ದೂ ಪಟ್ಟಿಯಲ್ಲಿ ಬಂದಿಲ್ಲವಾದರೆ ಅವರು ಕಟ್ಟಿಲ್ಲದಿರಬಹುದು, ಅಥವಾ ತಪ್ಪು ಪ್ಯಾನ್‌ಗೆ ಕಟ್ಟಿರಬಹುದು. ಅವರನ್ನೇ ಕೇಳಿ ಸರಿಪಡಿಸಿಕೊಳ್ಳಬೇಕು. ಬಡ್ಡಿ, ಲಾಭಾಂಶ, ಷೇರು ಮಾರಾಟದಂಥ ವಿವರಗಳು 2021ರ ನವೆಂಬರ್‌ನಲ್ಲಿ ಬಂದ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಸಿಗುತ್ತವೆ. ಎರಡನ್ನೂ ನೋಡಿ ರಿಟರ್ನ್ ತುಂಬಿದರೆ ಆಮೇಲೆ ನೋಟಿಸ್ ಬರುವ ಸಂದರ್ಭ ಕಡಿಮೆ.

ಹೆಚ್ಚು ಕಟ್ಟಿದ್ದರೆ ಹಣ ಮುಳುಗುವುದಿಲ್ಲ. ರಿಟರ್ನ್‌ನಲ್ಲಿ ರೀಫಂಡ್ ಕೇಳಬಹುದು. ಪೋರ್ಟಲ್‌ನಲ್ಲಿ ದೃಢೀಕರಿಸಿದ ಬ್ಯಾಂಕ್ ಖಾತೆಗೇ ಅದು ಬರುತ್ತದೆ. ನಿಯಮಕ್ಕೆ ಒಳಪಟ್ಟು ತಿಂಗಳಿಗೆ ಶೇ 0.5ರಂತೆ ಬಡ್ಡಿಯೂ ಸಿಗುತ್ತದೆ.

ಚಲನ್ ತಪ್ಪಾದರೆ

ವರ್ಷ ತಪ್ಪಿದ್ದರೆ ಹಣ ಕಟ್ಟಿದ 7 ದಿನಗಳೊಳಗೆ, ಶೀರ್ಷಿಕೆ ತಪ್ಪಿದ್ದರೆ 30 ದಿನಗಳೊಳಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ 'ಚಲನ್ ಕರೆಕ್ಷನ್' ಕೋರಿಕೆ ಸಲ್ಲಿಸಬಹುದು. ಆ ಅವಧಿ ಮೀರಿದರೆ ತಮ್ಮ ವ್ಯಾಪ್ತಿಯ ಅಸೆಸಿಂಗ್ ಅಧಿಕಾರಿಗೆ ಅರ್ಜಿ ಕೊಡಬೇಕು. ಆದ್ದರಿಂದ ರಸೀದಿ ಡೌನ್‌ಲೋಡ್ ಮಾಡಿದ ಆ ಕ್ಷಣವೇ ಪ್ಯಾನ್, ವರ್ಷ, ಶೀರ್ಷಿಕೆ ಓದಿಕೊಳ್ಳುವುದು ಲೇಸು.

ಖಾತೆಯಿಂದ ಹಣ ಹೋಗಿ ರಸೀದಿ ಬಾರದಿದ್ದರೆ ಗಾಬರಿಯಲ್ಲಿ ಕೂಡಲೇ ಎರಡನೇ ಸಲ ಕಟ್ಟಬಾರದು. ಸ್ವಲ್ಪ ಹೊತ್ತು ಬಿಟ್ಟು ಪೋರ್ಟಲ್‌ನ 'ಪೇಮೆಂಟ್ ಹಿಸ್ಟರಿ' ನೋಡಬೇಕು. ಅಲ್ಲೂ ಇಲ್ಲದಿದ್ದರೆ ಬ್ಯಾಂಕಿನಲ್ಲಿ ವಿಚಾರಿಸಬೇಕು. ಅಕಸ್ಮಾತ್ ಎರಡು ಸಲ ಕಟ್ಟಿದ್ದರೆ ಎರಡೂ ಚಲನ್‌ಗಳನ್ನು ರಿಟರ್ನ್‌ನಲ್ಲಿ ತೋರಿಸಿ ಹೆಚ್ಚಿನದನ್ನು ರೀಫಂಡ್ ಪಡೆಯಬಹುದು.

ಬೇಡಿಕೆಯ ನೋಟಿಸ್ ಬಂದಾಗ

ದೇಶದ ಎಲ್ಲೆಡೆಯಿಂದ ಸಲ್ಲಿಕೆಯಾಗುವ ರಿಟರ್ನ್‌ಗಳ ಸಂಸ್ಕರಣೆ ನಡೆಯುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. ರಿಟರ್ನ್‌ನ ಲೆಕ್ಕಕ್ಕೂ ಅಲ್ಲಿಯ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಬಾಕಿ ಮೊತ್ತ ತಿಳಿಸುವ ಸೂಚನೆ ಬರುತ್ತದೆ. ಸಾಮಾನ್ಯವಾಗಿ 30 ದಿನಗಳೊಳಗೆ ಕಟ್ಟಬೇಕು. ನಂತರ ತಿಂಗಳಿಗೆ ಶೇ 1ರ ಬಡ್ಡಿ. ಲಾಗಿನ್ ಆಗಿ ಬಾಕಿ ಬೇಡಿಕೆಯ ಪುಟಕ್ಕೆ ಹೋಗಿ ಅಲ್ಲಿಂದಲೇ ಕಟ್ಟಿದರೆ ಬೇಡಿಕೆಯ ಸಂಖ್ಯೆ ತಾನಾಗಿ ಚಲನ್‌ಗೆ ಸೇರುತ್ತದೆ.

ಬೇಡಿಕೆ ತಪ್ಪು ಎನಿಸಿದರೆ ಅದೇ ಪುಟದಲ್ಲಿ ಒಪ್ಪುವುದಿಲ್ಲ ಎಂದು ಕಾರಣ ಸಹಿತ ಉತ್ತರಿಸಬಹುದು, ತಿದ್ದುಪಡಿ ಕೋರಬಹುದು, ಮೇಲ್ಮನವಿಗೂ ಹೋಗಬಹುದು. ಒಂದೇ ಸಲಕ್ಕೆ ಕಟ್ಟಲು ಶಕ್ತಿಯಿಲ್ಲದವರು ಗಡುವು ಮುಗಿಯುವ ಮೊದಲೇ ಅಸೆಸಿಂಗ್ ಅಧಿಕಾರಿಗೆ ಅರ್ಜಿ ಕೊಟ್ಟು ಕಂತು ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಉತ್ತರಿಸದೆ ಸುಮ್ಮನಿರುವುದೇ ಎಲ್ಲಕ್ಕಿಂತ ಕೆಟ್ಟದ್ದು. ಮುಂದಿನ ವರ್ಷಗಳ ರೀಫಂಡ್‌ನಲ್ಲಿ ಆ ಬಾಕಿಯನ್ನು ವಜಾ ಮಾಡಿಕೊಳ್ಳುವ ಅಧಿಕಾರ ಇಲಾಖೆಗಿದೆ.

ನೋಟಿಸ್ ಅಸಲಿಯೇ ಎಂದು ತಿಳಿಯಲು ಅದರ ಮೇಲಿನ ಡಿಐಎನ್ ಸಂಖ್ಯೆ ನೋಡಬೇಕು. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಈ ಸಂಖ್ಯೆ ಇರಬೇಕೆಂಬ ನಿಯಮವಿದೆ. ಲಾಗಿನ್ ಇಲ್ಲದೆಯೇ ಪೋರ್ಟಲ್‌ನಲ್ಲಿ ಅದನ್ನು ಪರೀಕ್ಷಿಸಬಹುದು. ವಾಟ್ಸ್‌ಆ್ಯಪ್ ಅಥವಾ ಎಸ್‌ಎಂಎಸ್‌ನಲ್ಲಿ ಬಂದ ಕೊಂಡಿ ಒತ್ತಿ ತೆರಿಗೆ ಕಟ್ಟಬಾರದು. ಪೋರ್ಟಲ್ ವಿಳಾಸವನ್ನು ತಾವೇ ಬರೆದು ತೆರೆಯಬೇಕು, ಅದು 'ಗವ್ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆ. ಅಧಿಕಾರಿಯೆಂದು ಹೇಳಿಕೊಂಡು ಫೋನಿನಲ್ಲಿ ಒಟಿಪಿ ಅಥವಾ ಪಾಸ್‌ವರ್ಡ್ ಕೇಳಿದವರಿಗೆ ಯಾವ ಕಾರಣಕ್ಕೂ ಕೊಡಬಾರದು. ಸಂದೇಹವಿದ್ದರೆ ಇ-ಫೈಲಿಂಗ್ ಸಹಾಯವಾಣಿ 1800 103 0025ಕ್ಕೆ ಕರೆ ಮಾಡಬಹುದು.

ತೆರಿಗೆ ಕಟ್ಟಿದ್ದಕ್ಕೆ ಕೊನೆಯ ಪುರಾವೆ ಬ್ಯಾಂಕಿನ ಸಂದೇಶವಲ್ಲ, ಚಲನ್ ರಸೀದಿ ಮತ್ತು ಇಲಾಖೆಯ ಲೆಕ್ಕಪಟ್ಟಿಯಲ್ಲಿರುವ ನಮೂದು. ರಸೀದಿಯ ಪಿಡಿಎಫ್ ಪ್ರತಿಯನ್ನು ವರ್ಷವಾರು ತೆಗೆದಿಟ್ಟು, ನಮೂದು ಬಂದಿದೆಯೆಂದು ನೋಡಿದ ಮೇಲೆಯೇ ರಿಟರ್ನ್ ಸಲ್ಲಿಸಬೇಕು.